ಅಮಿಂದಿವಿಯ ತಿಳಿನೀರು, ಮಂಗಳೂರಿನ ಕತ್ತದ ಲೆಕ್ಕ

ಲಕ್ಷದ್ವೀಪದ ಕಡ್ಮತ್‌ಗೆ ರಜೆಗೆಂದು ಹೋದವರ ದಿನಚರಿ ಹೆಚ್ಚು ಕಡಿಮೆ ಒಂದೇ ತೆರನದು. ಈಜು ಬಲ್ಲವರು ಕನ್ನಡಕ ಬಿಗಿದು, ಉಸಿರುಕೊಳವೆ ಕಚ್ಚಿ, ಎದೆಮಟ್ಟದ ನೀರಿನಲ್ಲಿ ಬೋರಲು ತೇಲುತ್ತಾರೆ. ಈಜು ಬಾರದವರು, ವಯಸ್ಸಾದವರು, ಬಟ್ಟೆ ನೆನೆಯಬಾರದೆನ್ನುವವರು ಗಾಜಿನ ತಳದ ದೋಣಿ ಹತ್ತಿ, ಕಾಲ ಬುಡದಲ್ಲೇ ಸರಿದುಹೋಗುವ ಗಿಳಿಮೀನು, ಕಡಲಸೌತೆ, ಕೊಂಬೆಯೊಡೆದ ಹವಳಗಳನ್ನು ಬಗ್ಗಿ ನೋಡುತ್ತಾರೆ. ಈ ನೋಟದ ಜೊತೆಗೆ ಪ್ರವಾಸದ ಕರಪತ್ರಗಳಲ್ಲಿ ತಪ್ಪದೆ ಬರುವ ಮಾತೊಂದಿದೆ: ಇದು ಮನುಷ್ಯನ ಕೈ ತಾಗದ ಜಾಗ, ಕಾಲ ಮುಟ್ಟದ ಸ್ವರ್ಗ. ದ್ವೀಪದ ಹಳೆಯ ಕಡತಗಳು ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತವೆ. ಹವಳದ ದಂಡೆಯೊಳಗೆ ನಿಂತ ಈ ತಿಳಿನೀರು, ಎಂದರೆ ಲಗೂನು, ನೂರಾರು ವರ್ಷ ದುಡಿಮೆಯ ಅಂಗಳವಾಗಿತ್ತು. ಅದರಲ್ಲೂ ಕಡ್ಮತ್ ಮತ್ತು ಅದರ ನೆರೆಯ ನಾಲ್ಕು ದ್ವೀಪಗಳ ದುಡಿಮೆಯ ಲೆಕ್ಕ ಬರೆಯುತ್ತಿದ್ದದ್ದು ಕೊಚ್ಚಿಯಲ್ಲಲ್ಲ, ಮಂಗಳೂರಿನಲ್ಲಿ. ಆ ಲೆಕ್ಕವನ್ನು ತೆಗೆದು ಓದಿದರೆ ಇಂದಿನ ರಜೆಯ ಉದ್ಯಮ ಹಳೆಯದಕ್ಕೆ ಬೆನ್ನು ತಿರುಗಿಸಿ ಬಂದ ಹೊಸ ಅತಿಥಿಯಂತೆ ಕಾಣುವುದಿಲ್ಲ. ಸರಕು ಬದಲಾಗಿದೆ, ದಡದಾಚೆ ಕುಳಿತ ಒಬ್ಬನೇ ಗಿರಾಕಿ, ಅವನು ಕಟ್ಟಿದ ಒಂದೇ ಬಾಗಿಲು, ಈ ಏರ್ಪಾಡು ಮಾತ್ರ ಹಾಗೇ ಉಳಿದಿದೆ.

ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದಕ್ಕೆ ಒಟ್ಟಾಗಿ ಅಮಿಂದಿವಿ ದ್ವೀಪಗಳೆಂದು ಹೆಸರು. 1799ರಿಂದ 1956ರವರೆಗೆ ಇವು ಕೆನರಾದ, ಜಿಲ್ಲೆ ಎರಡು ಹೋಳಾದ ಮೇಲೆ ದಕ್ಷಿಣ ಕೆನರಾದ ಭಾಗವಾಗಿದ್ದವು. ಮಂಗಳೂರಿನ ಕಲೆಕ್ಟರರೇ ಇವುಗಳ ಕಲೆಕ್ಟರರು. 1956ರ ನವೆಂಬರ್ 1ರಂದು ದಕ್ಷಿಣ ಕೆನರಾ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು, ಅಮಿಂದಿವಿ ಹೊಸ ಕೇಂದ್ರಾಡಳಿತ ಪ್ರದೇಶದ ಪಾಲಾಯಿತು. ಒಂದೇ ದಿನ, ಒಂದೇ ಜಿಲ್ಲೆಯಿಂದ ಎರಡು ತುಂಡುಗಳು ಕಳಚಿದವು. ಒಂದರ ಬಗ್ಗೆ ಕನ್ನಡದಲ್ಲಿ ಆಯೋಗಗಳ, ಹೋರಾಟಗಳ, ಭಾಷಣಗಳ ರಾಶಿಯೇ ಇದೆ. ಇನ್ನೊಂದರ ಬಗ್ಗೆ ನಿಟ್ಟುಸಿರೂ ಇಲ್ಲ. ಕಾರಣ ಊಹಿಸಲು ಕಷ್ಟವಿಲ್ಲ. ದ್ವೀಪದವರ ಮಾತು ಮಲಯಾಳದ ಒಂದು ಬಗೆ. ಅಲ್ಲಿ ಕನ್ನಡ ಶಾಲೆಯಿರಲಿಲ್ಲ, ಕನ್ನಡದ ಮನೆಯಿರಲಿಲ್ಲ. ಹಾಗಾಗಿ ಭಾಷೆಯ ನೆಲೆಯಲ್ಲಿ ಕಳೆದುಕೊಂಡದ್ದೇನೂ ಇಲ್ಲ ಎನ್ನುವುದು ನಿಜವೇ. ಆದರೆ ಸಂಬಂಧವೆಂದರೆ ಭಾಷೆಯೊಂದೇ ಅಲ್ಲ. ಒಂದೂವರೆ ಶತಮಾನ ಒಂದು ಊರು ಇನ್ನೊಂದು ಊರಿನ ಅನ್ನದ ಬೆಲೆ ಕಟ್ಟುತ್ತಿತ್ತು ಎನ್ನುವುದು ಭಾಷೆಗಿಂತ ಗಟ್ಟಿಯಾದ ಗಂಟು.

ಆ ಗಂಟಿನ ಹೆಸರು ಕತ್ತ, ಎಂದರೆ ತೆಂಗಿನ ನಾರು. ಉಪ್ಪುನೀರಿನಲ್ಲಿ ಕೊಳೆಯದ, ಸೆಳೆತಕ್ಕೆ ಹಿಗ್ಗಿ ಮತ್ತೆ ಕುಗ್ಗುವ ಕತ್ತದ ಹಗ್ಗಕ್ಕೆ ಹಾಯಿಹಡಗಿನ ಕಾಲದಲ್ಲಿ ಬದಲಿಯೇ ಇರಲಿಲ್ಲ. ಅರಬ್ಬೀ ಸಮುದ್ರದ ಎಷ್ಟೋ ಹಡಗುಗಳ ಹಲಗೆಗಳನ್ನು ಮೊಳೆಯ ಬದಲು ಈ ಹುರಿಯಿಂದಲೇ ಹೊಲಿಯುತ್ತಿದ್ದರು. ಸುಮಾರು 1030ರಲ್ಲಿ ಬರೆದ ಅಲ್‌ಬಿರೂನಿ ಈ ಕಡಲಿನ ದ್ವೀಪಗಳನ್ನು ವಿಂಗಡಿಸುವುದೇ ಸರಕಿನಿಂದ: ಕವಡೆಯ ದ್ವೀಪಗಳು ಒಂದು ಕಡೆ, ನಾರಿನ ಹಗ್ಗದ ದ್ವೀಪಗಳು ಇನ್ನೊಂದು ಕಡೆ. ಎರಡನೆಯವು ಲಕ್ಷದ್ವೀಪಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಎಂದರೆ ಸಾವಿರ ವರ್ಷದ ಹಿಂದೆಯೇ ಇವು ಲೋಕಕ್ಕೆ ಪರಿಚಯವಾಗಿದ್ದದ್ದು ಕಾರ್ಖಾನೆಯಾಗಿ. ದೂರದ ಸ್ವರ್ಗ, ಅಜ್ಞಾತ ಹವಳದ್ವೀಪ ಎನ್ನುವುದೆಲ್ಲ ತೀರ ಈಚಿನ ಮಾತು.

ಈ ಕಾರ್ಖಾನೆಯ ಮುಖ್ಯ ಯಂತ್ರ ಲಗೂನೇ. ಸುಲಿದ ಸಿಪ್ಪೆಯನ್ನು ಲಗೂನಿನ ದಡದಲ್ಲಿ, ಉಬ್ಬರದ ನೀರು ಹರಿದಾಡುವ ಮರಳಿನಲ್ಲಿ ಗುಂಡಿ ತೋಡಿ ಹೂಳಬೇಕು. ಮೇಲೆ ಹವಳದ ಕಲ್ಲು ಹೇರಬೇಕು, ಇಲ್ಲದಿದ್ದರೆ ಅಲೆ ಕೊಂಡೊಯ್ಯುತ್ತದೆ. ಹತ್ತಿರ ಹತ್ತಿರ ಒಂದು ವರ್ಷ ಅದು ಅಲ್ಲೇ ನೆನೆಯಬೇಕು. ಮಲಬಾರಿನ ಹಿನ್ನೀರಿನಲ್ಲಿ ನೆನೆದ ಸಿಪ್ಪೆಯ ನಾರಿಗೆ ಕೆಸರಿನ ಬಣ್ಣ, ಕೆಸರಿನ ವಾಸನೆ. ದ್ವೀಪದ ಲಗೂನಿನ ನೀರು ದಿನಕ್ಕೆ ಎರಡು ಸಲ ಬದಲಾಗುವುದರಿಂದ ಅಲ್ಲಿನ ನಾರು ಬೆಳ್ಳಗೆ, ಗಟ್ಟಿಯಾಗಿ ಬರುತ್ತಿತ್ತು. ಇವತ್ತು ಪ್ರವಾಸಿಗೆ ಹವಳವನ್ನು ನಿಚ್ಚಳವಾಗಿ ತೋರಿಸುವ ಅದೇ ತಿಳಿತನ ಅಂದು ನಾರಿಗೆ ಬೆಲೆ ತಂದುಕೊಡುತ್ತಿತ್ತು. ನೆನೆದ ಸಿಪ್ಪೆಯನ್ನು ತೆಗೆದು, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಬಡಿದು, ತೊಗಟು ಉದುರಿಸಿ, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡುವುದು ಹೆಂಗಸರ ಕೆಲಸ. ತೆಂಗು ಹತ್ತುವುದು, ಓಡ ಕಟ್ಟುವುದು, ಅದರಲ್ಲಿ ಸರಕು ಹೇರಿ ದಡಕ್ಕೆ ಒಯ್ಯುವುದು ಗಂಡಸರದು. ಕಡಲಯಾನದ ಸಾಹಸ ಹಾಡಾಯಿತು, ಕತೆಯಾಯಿತು. ಆ ಯಾನಕ್ಕೆ ಸರಕು ಒದಗಿಸಿದ ಅಂಗೈಗಳ ಬಗ್ಗೆ ಕಡತಗಳೂ ಹೆಚ್ಚು ಮಾತಾಡುವುದಿಲ್ಲ.

ಬೇಕಾದ ಅನ್ನ ಮಾತ್ರ ದ್ವೀಪದಲ್ಲಿ ಬೆಳೆಯುತ್ತಿರಲಿಲ್ಲ. ಹವಳದ ಮರಳಿನಲ್ಲಿ ತೆಂಗು ಬರುತ್ತದೆ, ಭತ್ತ ಬರುವುದಿಲ್ಲ. ಹುರಿ ಕೊಟ್ಟು ಅಕ್ಕಿ ತರಬೇಕು, ಅದೂ ಮೇ ನಡುವಿನಲ್ಲಿ ಕಡಲು ಮುಚ್ಚುವ ಮೊದಲು. ಹೀಗೆ ಒಂದೇ ಸರಕು ಮಾರಿ ಒಂದೇ ಸರಕು ಕೊಳ್ಳಬೇಕಾದ, ವರ್ಷದ ನಾಲ್ಕು ತಿಂಗಳು ದಾರಿಯೇ ಇಲ್ಲದ ಊರನ್ನು ಹಿಡಿತದಲ್ಲಿಡುವುದು ಸುಲಭ. ಸೈನ್ಯ ಬೇಕಿಲ್ಲ, ತಕ್ಕಡಿ ಸಾಕು. ಕಣ್ಣೂರಿನ ಅರಕ್ಕಲ್ ಮನೆತನದ ಆಲಿರಾಜರು ಕಂಡುಕೊಂಡದ್ದು ಇದನ್ನೇ. 1760ರ ದಶಕದಲ್ಲಿ ಅವರು ಕತ್ತದ ಮೇಲೆ ಏಕಸ್ವಾಮ್ಯ ಹೇರಿದರು: ಹುರಿಯನ್ನು ಅರಮನೆಗೇ ಮಾರಬೇಕು, ಅರಮನೆ ಹೇಳಿದ ಬೆಲೆಗೇ ಮಾರಬೇಕು. ಪೇಟೆಯ ಬೆಲೆಗೂ ಆ ಬೆಲೆಗೂ ಇದ್ದ ಅಂತರವೇ ಮನೆತನದ ಆದಾಯ.

ಅಮಿನಿಯವರು ಇದನ್ನು ಸಹಿಸಲಿಲ್ಲ. 1780ರ ದಶಕದಲ್ಲಿ ಅವರು ಕಣ್ಣೂರಿನ ಬೀಬಿಯ, ಎಂದರೆ ಅರಕ್ಕಲ್ ಮನೆತನದ ರಾಣಿಯ, ಅಧಿಕಾರವನ್ನು ತಳ್ಳಿಹಾಕಿ, ಮಂಗಳೂರನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಟಿಪ್ಪುವಿನ ಮೊರೆಹೊಕ್ಕರು. ಟಿಪ್ಪು ಐದು ದ್ವೀಪಗಳನ್ನು ತನ್ನದಾಗಿಸಿಕೊಂಡ. ಬೀಬಿಗೆ ಬದಲಿಯಾಗಿ ಚಿರಕ್ಕಲ್ ಸೀಮೆಯಲ್ಲಿ ಭೂಮಿ ಕೊಟ್ಟ. ಈ ಘಟನೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಟಿಪ್ಪುವಿನ ಪರ ವಾದಿಸುವವರಿಗೂ ವಿರೋಧಿಸುವವರಿಗೂ ಇದು ಬೇಕಿಲ್ಲದ ಸಣ್ಣ ಸಂಗತಿ. ದ್ವೀಪದ ಕಡೆಯಿಂದ ನೋಡಿದರೆ ಇದು ಅವರ ರಾಜಕೀಯದ ದೊಡ್ಡ ಗಳಿಗೆ: ಗಿರಾಕಿಯನ್ನು ತಾವೇ ಆರಿಸಿಕೊಂಡ ಗಳಿಗೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರು ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಕೆನರಾ ಟಿಪ್ಪುವಿನಲ್ಲೇ ಉಳಿಯಿತು. ದಕ್ಷಿಣದ ದ್ವೀಪಗಳು ಬೀಬಿಯ ಕೈಯಲ್ಲಿ, ಉತ್ತರದವು ಮಂಗಳೂರಿನ ಜೊತೆ ಎಂಬ ಸೀಳು ಹೀಗೆ ಗಟ್ಟಿಯಾಯಿತು. 1799ರಲ್ಲಿ ಟಿಪ್ಪು ಬಿದ್ದಾಗ ಕೆನರಾದೊಂದಿಗೆ ಈ ಐದು ದ್ವೀಪಗಳೂ ಕಂಪನಿಗೆ ಬಂದವು. ಬೀಬಿ ತನ್ನ ಹಕ್ಕು ಕೇಳಿದಳು. ಕಂಪನಿ ದ್ವೀಪ ಕೊಡದೆ, ಅವಳು ಕಟ್ಟಬೇಕಿದ್ದ ಪೇಷ್ಕಷ್‌ನಲ್ಲಿ, ಎಂದರೆ ಕಪ್ಪದಲ್ಲಿ, ಅಷ್ಟು ಕಡಿತ ಮಾಡಿ ಬಾಯಿ ಮುಚ್ಚಿಸಿತು.

ಹೊಸ ಗಿರಾಕಿ ಬಂದರೂ ಏಕಸ್ವಾಮ್ಯ ಹೋಗಲಿಲ್ಲ ಎನ್ನುವುದು ಇಲ್ಲಿನ ಕಹಿ. ಕಂಪನಿ, ಅದರ ನಂತರ ಮದ್ರಾಸ್ ಸರ್ಕಾರ, ಕತ್ತದ ಮೇಲಿನ ಹಕ್ಕನ್ನು ಬಿಡದೆ ಮುಂದುವರಿಸಿದವು. ಅಮಿನಿಯಲ್ಲಿ ಮೊಣೆಗಾರ ಎಂಬ ಅಧಿಕಾರಿ, ಉಳಿದ ದ್ವೀಪಗಳಲ್ಲಿ ಕರಣಿಗಳು; ಕಂದಾಯ, ತಕರಾರು, ತೂಕ ಎಲ್ಲಕ್ಕೂ ಇವರೇ. ಓಡಗಳು ಹುರಿ ಹೊತ್ತು ಮಂಗಳೂರಿನ ಬಂದರಿಗೆ ಬರುತ್ತಿದ್ದವು. ಸರ್ಕಾರದ ಉಗ್ರಾಣದಲ್ಲಿ ತೂಕವಾಗಿ, ಗೊತ್ತುಮಾಡಿದ ದರದಲ್ಲಿ ಅಕ್ಕಿಯಾಗಿ, ಸ್ವಲ್ಪ ಹಣವಾಗಿ ತಿರುಗಿ ಹೋಗುತ್ತಿದ್ದವು. ಅಕ್ಕಿಯನ್ನು ಹುಲ್ಲಿನಲ್ಲಿ ಮುಡಿ ಕಟ್ಟಿಡುವ ಈ ಸೀಮೆಗೂ ಹುರಿ ಹೊಸೆಯುವ ಆ ಸೀಮೆಗೂ ನಡುವೆ ಹೀಗೆ ಕಲೆಕ್ಟರರ ಕಚೇರಿಯೇ ಏಕಮಾತ್ರ ಅಂಗಡಿ. ಇಪ್ಪತ್ತನೆಯ ಶತಮಾನ ಬಂದ ಮೇಲೂ ಈ ವ್ಯವಹಾರ ನಿಂತಿರಲಿಲ್ಲ. 1924ರಲ್ಲಿ ಲಕ್ಷದ್ವೀಪಗಳ ಮೇಲೆ ಪುಸ್ತಕ ಪ್ರಕಟಿಸಿದ ಅಧಿಕಾರಿ ಆರ್. ಎಚ್. ಎಲಿಸ್ ಇದನ್ನು ನಡೆಯುತ್ತಿರುವ ಪದ್ಧತಿಯಾಗಿಯೇ ವಿವರಿಸುತ್ತಾನೆ.

ಏಕಸ್ವಾಮ್ಯವೆಂದ ಕೂಡಲೆ ಸುಲಿಗೆಯೆಂದು ಬರೆದುಬಿಡುವುದು ಅವಸರದ ಮಾತಾಗುತ್ತದೆ. ಅದರ ಪರವಾಗಿ ಆಡಬಹುದಾದ ಮಾತು ಗಟ್ಟಿಯಾದದ್ದೇ. ದರ ಗೊತ್ತಿದ್ದದ್ದರಿಂದ ಪೇಟೆಯಲ್ಲಿ ಕತ್ತ ಬಿದ್ದ ವರ್ಷವೂ ದ್ವೀಪಕ್ಕೆ ಅಕ್ಕಿ ಹೋಗುತ್ತಿತ್ತು. ಬಂದರಿನ ಸಾಹುಕಾರರಿಗೆ ಬಿಟ್ಟಿದ್ದರೆ ಮುಂಗಡ, ಬಡ್ಡಿ, ಮುಂದಿನ ವರ್ಷದ ಹುರಿಯ ಅಡಮಾನ ಎಂಬ ಬಲೆಯಲ್ಲಿ ದ್ವೀಪ ಸಿಕ್ಕಿಬೀಳುತ್ತಿತ್ತು ಎಂಬ ಅಧಿಕಾರಿಗಳ ವಾದದಲ್ಲಿ ಹುರುಳಿದೆ. 1847ರ ಚಂಡಮಾರುತ ದ್ವೀಪಗಳನ್ನು ಹೊಡೆದುಹಾಕಿದಾಗ ಅಲ್ಲಿಗೆ ಹೋಗಿ 1848ರಲ್ಲಿ ವರದಿ ಬರೆದ ವಿಲಿಯಂ ರಾಬಿನ್ಸನ್‌ನ ಬರಹ ಓದಿದರೆ, ಸಾವಿರಾರು ತೆಂಗು ಉರುಳಿದ ದ್ವೀಪಕ್ಕೆ ಹೊರಗಿನ ಅಕ್ಕಿ ಎಂದರೆ ಏನೆಂಬುದು ತಿಳಿಯುತ್ತದೆ. ಒಂದು ತೆಂಗಿನ ಸಸಿ ಕಾಯಿ ಬಿಡಲು ವರ್ಷಗಳು ಬೇಕು. ಹೊಟ್ಟೆ ಅಷ್ಟು ಕಾಯುವುದಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಪೇಟೆಯ ದರ ಏರಿದಾಗ ಆ ಏರಿಕೆ ಖಜಾನೆಗೆ ಹೋಯಿತು, ಹೊಸೆದವಳ ಕೈಗೆ ಹೋಗಲಿಲ್ಲ. ರಕ್ಷಣೆಯೂ ಲಾಭವೂ ಒಂದೇ ಕಡತದಲ್ಲಿದ್ದಾಗ ಯಾವುದಕ್ಕಾಗಿ ಯಾವುದು ಎಂಬುದನ್ನು ನಿರ್ಧರಿಸುವವನು ಕಡತದ ಯಜಮಾನನೇ.

ಇಷ್ಟು ಕಾಲ ದ್ವೀಪಕ್ಕೆ ಬಂದ ಹೊರಗಿನವರು ಲಗೂನನ್ನು ನೋಡಲಿಲ್ಲವೇ? ನೋಡಿದರು, ತಮಗೆ ಬೇಕಾದಷ್ಟು. ಕಂದಾಯದ ಅಧಿಕಾರಿಗೆ ಅದು ಓಡ ನಿಲ್ಲಿಸುವ ಜಾಗ, ಸಿಪ್ಪೆ ನೆನೆಯುವ ಜಾಗ. ಅವರ ಬರಹಗಳಲ್ಲಿ ಹವಳಕ್ಕಿಂತ ಇಲಿಗಳ ಪ್ರಸ್ತಾಪ ಹೆಚ್ಚು, ಏಕೆಂದರೆ ಇಲಿ ತಿಂದ ಎಳನೀರು ಸರ್ಕಾರಕ್ಕೆ ಸೇರದ ಕತ್ತ. ಊರವರೆಲ್ಲ ಸೇರಿ ಮರ ಹತ್ತಿ ಇಲಿ ಹೊಡೆಯುವ ಬೇಟೆಯನ್ನು ಅಧಿಕಾರಿಗಳು ಆಸ್ಥೆಯಿಂದ ವರ್ಣಿಸಿದ್ದಾರೆ. 1875ರಲ್ಲಿ ಬಂದ ಎ. ಒ. ಹ್ಯೂಮ್, ಹತ್ತು ವರ್ಷದ ಮೇಲೆ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದ ಅದೇ ಹ್ಯೂಮ್, ಬಂದದ್ದು ಹಕ್ಕಿಗಳಿಗಾಗಿ. ಕಡಲಹಕ್ಕಿಗಳ ಗೂಡು, ಚರ್ಮ, ಮೊಟ್ಟೆ ಅವನ ಆಸಕ್ತಿ. ಇನ್ವೆಸ್ಟಿಗೇಟರ್ ಹಡಗಿನ ನಿಸರ್ಗವಿಜ್ಞಾನಿ ಆಲ್ಕಾಕ್, 1899–1900ರಲ್ಲಿ ಮಾಲ್ದೀವ್ ಮತ್ತು ಲಕ್ಷದ್ವೀಪಗಳ ಹವಳವನ್ನು ಅಧ್ಯಯನ ಮಾಡಿದ ಸ್ಟ್ಯಾನ್ಲಿ ಗಾರ್ಡಿನರ್ ಇವರಿಗೆ ಹವಳವೇ ವಿಷಯವಾಗಿತ್ತು, ನಿಜ. ಆದರೆ ಅವರು ಅದನ್ನು ಮೇಲಕ್ಕೆತ್ತಿ, ಶೀಷೆಯಲ್ಲಿಟ್ಟು ನೋಡಿದರು. ನೀರಿನೊಳಗೆ ಅದು ಹೇಗಿದೆ ಎಂದು ಸುಮ್ಮನೆ ನೋಡಲಿಕ್ಕಾಗಿ ದುಡ್ಡು ಕೊಟ್ಟು ಯಾರಾದರೂ ಇಲ್ಲಿಗೆ ಬರಬಹುದೆಂಬುದು ಯಾವ ಕಲೆಕ್ಟರನ ಲೆಕ್ಕದಲ್ಲೂ ಇರಲಿಲ್ಲ.

ಹಾಗೆ ನೋಡುವ ಸಲಕರಣೆಯೂ ವಿರಾಮದಿಂದ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ನೀರಿನ ಮೇಲ್ಮೈ ಸದಾ ಅಲುಗುತ್ತದೆ, ಬೆಳಕನ್ನು ಒಡೆಯುತ್ತದೆ, ಆಕಾಶವನ್ನು ನಮಗೇ ತಿರುಗಿ ತೋರಿಸುತ್ತದೆ. ಆ ಮೇಲ್ಮೈಗೆ ಒಂದು ಸಪಾಟು ಗಾಜು ಒತ್ತಿ ಹಿಡಿದರೆ ತಳ ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ದಿನನಿತ್ಯದ ಕೆಲಸಕ್ಕೆ ಬಳಸಿದವರು ಹತ್ತೊಂಬತ್ತನೆಯ ಶತಮಾನದ ಬಹಾಮಾ, ಫ್ಲಾರಿಡಾ ಕಡೆಯ ಸ್ಪಂಜು ತೆಗೆಯುವವರು. ತಳಕ್ಕೆ ಗಾಜು ಕೂರಿಸಿದ ಬಕೀಟನ್ನು ನೀರಿಗೊತ್ತಿ, ಸ್ಪಂಜು ಕಂಡಲ್ಲಿ ಉದ್ದನೆ ಕೋಲಿನ ಕೊಕ್ಕೆ ಇಳಿಸುತ್ತಿದ್ದರು. ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ 1870ರ ದಶಕದಲ್ಲಿ ದೋಣಿಯ ತಳಕ್ಕೇ ಗಾಜು ಬಂತು, ನೋಡುವುದಕ್ಕೆ ಟಿಕೆಟ್ಟು ಬಂತು. ಉಸಿರುಕೊಳವೆ, ರಬ್ಬರಿನ ಮುಖಕವಚ, ಕಾಲಿನ ಈಜುರೆಕ್ಕೆ ಈ ಮೂರೂ ಸೇರಿ ಒಂದು ಹವ್ಯಾಸವಾದದ್ದು 1930ರ ದಶಕದಲ್ಲಿ, ಫ್ರಾನ್ಸಿನ ಮೆಡಿಟರೇನಿಯನ್ ದಡದಲ್ಲಿ, ಮೀನು ತಿವಿಯುವ ಹುಚ್ಚಿನವರ ಕೈಯಲ್ಲಿ. ಅಮಿಂದಿವಿಯಲ್ಲಿ ಈ ಯಾವುದೂ ಬರುವ ಮೊದಲೇ ಲಗೂನಿನ ತಳ ಬಲ್ಲವರು ಇದ್ದರು. ಇಳಿತದ ಹೊತ್ತಿನಲ್ಲಿ ದಂಡೆಯ ಮೇಲೆ ನಡೆದು, ಕಲ್ಲಿನ ಬಿಲದಲ್ಲಿ ಅವಿತ ಅಷ್ಟಪಾದಿಯನ್ನು, ಅವರ ಮಾತಿನ ಅಪ್ಪಲನ್ನು, ಬಿಲದ ಬಾಯಿಗೆ ಅದು ಪೇರಿಸಿಕೊಂಡ ಚಿಪ್ಪುಗಳಿಂದಲೇ ಗುರುತಿಸಿ ತಿವಿದು ತೆಗೆಯುವವರಿಗೆ ಗಾಜು ಬೇಕಿರಲಿಲ್ಲ. ಇಂದು ದೋಣಿಯಲ್ಲಿ ನಿಂತು ಪ್ರವಾಸಿಗೆ ಅದೋ ಅಲ್ಲಿ ಎಂದು ಬೆರಳು ತೋರುವ ಹುಡುಗನ ಕಣ್ಣು ಆ ಶಾಲೆಯಲ್ಲಿ ಕಲಿತದ್ದು.

1956ರ ನಂತರ ಬದಲಾವಣೆ ಬೇಗ ಬೇಗ ಬಂತು. ಇದನ್ನು ಚುರುಕಾಗಿ ದಾಟಬಹುದು. ಆಡಳಿತದ ಕೇಂದ್ರ ಮೊದಲು ಕೋಯಿಕ್ಕೋಡಿನಲ್ಲಿದ್ದು 1964ರಲ್ಲಿ ಕವರತ್ತಿಗೆ ಹೋಯಿತು. 1973ರಲ್ಲಿ ಇಡೀ ಪ್ರದೇಶಕ್ಕೆ ಲಕ್ಷದ್ವೀಪವೆಂದು ಹೆಸರಾಯಿತು, ಅಮಿಂದಿವಿ ಎಂಬುದು ನಕ್ಷೆಯ ಅಂಚಿಗೆ ಸರಿಯಿತು. ನೈಲಾನ್ ಹಗ್ಗ ಕತ್ತದ ಬೇಡಿಕೆಯನ್ನು ತಿಂದಿತು. 1960ರಿಂದೀಚೆ ಮಿನಿಕಾಯ್‌ನ ಟ್ಯೂನಾ ಬೇಟೆ, ಗಾಳಕ್ಕೋಲಿನಿಂದ ಒಂದೊಂದೇ ಮೀನನ್ನು ಎತ್ತಿ ದೋಣಿಗೆ ಎಸೆಯುವ ಪದ್ಧತಿ, ಯಂತ್ರದ ದೋಣಿಯೊಂದಿಗೆ ಉಳಿದ ದ್ವೀಪಗಳಿಗೂ ಹರಡಿತು. ಮಂಗಳೂರಿನ ಜೊತೆಗಿನ ದಾರಿ ಮಾತ್ರ ಪೂರ್ತಿ ಮುಚ್ಚಲಿಲ್ಲ. ಹಳೆ ಬಂದರಿನಿಂದ ಇಂದಿಗೂ ಸರಕಿನ ಮಂಜಿಗಳು ಜಲ್ಲಿ, ಸಿಮೆಂಟು, ತರಕಾರಿ ಹೊತ್ತು ದ್ವೀಪಗಳಿಗೆ ಹೋಗುತ್ತವೆ. ದ್ವೀಪದವರನ್ನು ಹೊತ್ತು ವರ್ಷಗಟ್ಟಲೆ ಓಡಾಡಿದ ಪ್ರಯಾಣಿಕರ ಹಡಗೊಂದಕ್ಕೆ ಟಿಪ್ಪು ಸುಲ್ತಾನನ ಹೆಸರೇ ಇತ್ತು.

ಪ್ರವಾಸ ಬಂದದ್ದು ಕತ್ತ ಬಿಟ್ಟುಹೋದ ಈ ಖಾಲಿ ಜಾಗಕ್ಕೆ. 1974ರಲ್ಲಿ ಜನವಸತಿಯಿಲ್ಲದ ಬಂಗಾರಂ ದ್ವೀಪವನ್ನು ವಿದೇಶಿ ಪ್ರವಾಸಿಗಳಿಗೆ ತೆರೆದರು. 1982ರಲ್ಲಿ ಆಡಳಿತವೇ ‘ಸ್ಪೋರ್ಟ್ಸ್’ ಎಂಬ ಚುಟುಕು ಹೆಸರಿನ ಸೊಸೈಟಿ ಕಟ್ಟಿ, ಹಡಗಿನ ಟಿಕೆಟ್ಟಿನಿಂದ ಹಿಡಿದು ಊಟ, ಕುಟೀರ, ಸ್ನಾರ್ಕೆಲಿಂಗ್, ಗಾಜಿನ ತಳದ ದೋಣಿಯವರೆಗೆ ಎಲ್ಲವನ್ನೂ ಒಂದೇ ಪ್ಯಾಕೇಜಾಗಿ ಮಾರತೊಡಗಿತು. ಕಡ್ಮತ್ ಜಲಕ್ರೀಡೆಯ ಕೇಂದ್ರವಾಯಿತು. ಇದರ ಕೆಳಗೆ ಇರುವುದು 1967ರ ನಿಯಮಾವಳಿ: ದ್ವೀಪದವರಲ್ಲದವರು ಪರವಾನಗಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ, ನೆಲೆಸುವಂತಿಲ್ಲ. ಹೀಗಾಗಿ ಎಷ್ಟು ಜನ ಬರಬೇಕು, ಯಾವ ದ್ವೀಪಕ್ಕೆ ಬರಬೇಕು, ಎಲ್ಲಿ ಮಲಗಬೇಕು, ಏನನ್ನು ನೋಡಲು ಹಣ ಕೊಡಬೇಕು ಎಂಬುದೆಲ್ಲ ಒಂದೇ ಕಚೇರಿಯ ತೀರ್ಮಾನ. ಮಂಗಳೂರಿನ ಉಗ್ರಾಣ ಹುರಿ ತೂಗುತ್ತಿದ್ದ ಜಾಗದಲ್ಲಿ ಈಗ ಪರವಾನಗಿಯ ಮೇಜು ಕುಳಿತಿದೆ.

ಈ ಹೋಲಿಕೆಗೆ ತಕ್ಷಣ ಎದುರಾಗುವ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಕತ್ತದ ಏಕಸ್ವಾಮ್ಯ ದ್ವೀಪದವರನ್ನು ಹಿಂಡಲು ಹುಟ್ಟಿದ್ದು, ಪರವಾನಗಿ ಅವರನ್ನು ಕಾಯಲು ಹುಟ್ಟಿದ್ದು; ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಅನ್ಯಾಯವಲ್ಲವೇ? ಒಪ್ಪಬೇಕಾದ ಮಾತು. ಒಟ್ಟು 32 ಚದರ ಕಿಲೋಮೀಟರು ನೆಲ, 2011ರ ಜನಗಣತಿಯಂತೆ 64 ಸಾವಿರ ಜನ, ಬಾವಿಗಳಲ್ಲಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಸಿಹಿನೀರು. ಬಾಗಿಲು ತೆರೆದಿಟ್ಟಿದ್ದರೆ ಗೋವೆಗೆ ಆದದ್ದು ಇಲ್ಲಿ ಒಂದೇ ದಶಕದಲ್ಲಿ ಆಗುತ್ತಿತ್ತು. ದ್ವೀಪದವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿ, ಭೂಮಿ ಹೊರಗಿನವರ ಕೈಗೆ ಹೋಗದಂತೆ ಮಾಡಿದ ಕಾನೂನುಗಳ ಜೊತೆ ಸೇರಿಸಿ ನೋಡಿದರೆ ಪರವಾನಗಿ ಈ ದೇಶದ ಒಳ್ಳೆಯ ನಿಯಮಗಳಲ್ಲಿ ಒಂದು. ನನ್ನ ತಕರಾರು ಬಾಗಿಲಿನ ಮೇಲಲ್ಲ, ಬೀಗದ ಕೈ ಎಲ್ಲಿದೆ ಎಂಬುದರ ಮೇಲೆ. ಕತ್ತದ ಕಾಲದಲ್ಲೂ ರಕ್ಷಣೆಯ ಮಾತು ಪ್ರಾಮಾಣಿಕವಾಗಿಯೇ ಇತ್ತು. ಕೀಲಿ ಒಂದೇ ಕೈಯಲ್ಲಿದ್ದರೆ, ಇಂದು ಕಾಯುವುದಕ್ಕೆ ಹಾಕಿದ ಬೀಗವನ್ನು ನಾಳೆ ಇನ್ನೊಂದಕ್ಕೆ ತೆಗೆಯಲು ಯಾರನ್ನೂ ಕೇಳಬೇಕಿಲ್ಲ.

ಇದು ಬರಿಯ ಊಹೆಯಲ್ಲ. ಅಗತ್ತಿ ದ್ವೀಪದ ರೆಸಾರ್ಟೊಂದರ ಸುತ್ತ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2012ರಲ್ಲಿ ನ್ಯಾಯಾಲಯ ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ವಕೀಲರಾಗಿ, ನ್ಯಾಯಾಧೀಶರಾಗಿ ಬಹುಕಾಲ ಕರ್ನಾಟಕ ಹೈಕೋರ್ಟಿನಲ್ಲಿದ್ದವರು ಅವರು. ಪ್ರತಿ ದ್ವೀಪದ ಧಾರಣಶಕ್ತಿ ನೋಡಿಯೇ ಅಲ್ಲಿ ಏನು ಬರಬೇಕೆಂದು ತೀರ್ಮಾನಿಸುವ, ಅದರಲ್ಲಿ ದ್ವೀಪದ ಪಂಚಾಯತಿಗೂ ಮಾತಿರುವ ದಾರಿಯನ್ನು ಸಮಿತಿ ತೋರಿಸಿತು. 2021ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬೇರೆ ದಿಕ್ಕಿಗೆ ಮುಖ ಮಾಡಿತ್ತು; ಯಾವ ಭೂಮಿಯನ್ನಾದರೂ ಯೋಜನೆಗೆಂದು ಗುರುತಿಸುವ ಅಧಿಕಾರವನ್ನು ಅದು ಆಡಳಿತಕ್ಕೆ ಕೊಡುತ್ತಿತ್ತು. ದ್ವೀಪಗಳು ಪ್ರತಿಭಟಿಸಿದವು. 2024ರ ಜನವರಿಯಲ್ಲಿ ಪ್ರಧಾನಿ ಇಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳು ಪ್ರಕಟವಾದ ಮೇಲೆ ಇಡೀ ದೇಶ ಲಕ್ಷದ್ವೀಪದ ದಾರಿ ಹುಡುಕತೊಡಗಿತು. ಅದೇ ವರ್ಷ ಪಂಡಾರಂ ಭೂಮಿಯ ವಿವಾದ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಪಂಡಾರಂ ಎಂದರೆ ಆಲಿರಾಜರು ಹಿಂದೊಮ್ಮೆ ತಮ್ಮ ಭಂಡಾರದ್ದೆಂದು ಸಾರಿದ ಭೂಮಿ. ತಲೆಮಾರುಗಳಿಂದ ಅದನ್ನು ಸಾಗುವಳಿ ಮಾಡುತ್ತಿರುವ ಕುಟುಂಬಗಳು ತಮ್ಮದೆನ್ನುತ್ತವೆ, ಆಡಳಿತ ಸರ್ಕಾರದ್ದೆನ್ನುತ್ತದೆ. ಕತ್ತದ ಕಾಲದ ಅರಸರು ಎಳೆದ ಗೆರೆಯೊಂದು ಪ್ರವಾಸದ ಕಾಲದಲ್ಲಿ ಹೀಗೆ ಜೀವ ಪಡೆದು ಎದ್ದು ಕೂತಿದೆ ಎನ್ನುವಾಗ, ಎರಡೂ ಕಾಲಗಳ ನಡುವೆ ಸಂಬಂಧವಿಲ್ಲ ಎನ್ನಲು ಧೈರ್ಯ ಬೇಕು.

ಎರಡನೆಯ ಆಕ್ಷೇಪ ಹಣದ್ದು. ಸಿಪ್ಪೆ ಬಡಿಯುವ ದುಡಿಮೆಗಿಂತ ಪ್ರವಾಸಿಯನ್ನು ದೋಣಿಯಲ್ಲಿ ಕೂರಿಸುವುದು ಹಗುರ, ಸಂಬಳವೂ ಮೇಲು. ಹಳೆಯದನ್ನು ಹಂಬಲಿಸುವುದು ದಡದಲ್ಲಿ ಕುಳಿತವರ ಚಟ ಎನ್ನಬಹುದು. ಹಂಬಲಿಸುವಂಥದ್ದು ಅದರಲ್ಲಿ ಏನೂ ಇಲ್ಲ. ವರ್ಷವಿಡೀ ನೆನೆದ ಸಿಪ್ಪೆಯನ್ನು ಬಡಿಯುವ ಕೆಲಸ ನಿಂತದ್ದು ಒಳ್ಳೆಯದೇ. ಆದರೆ ಒಂದು ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು. ಹುರಿ ಕೊಳ್ಳುವ ಸರ್ಕಾರ, ಎಷ್ಟೇ ಕಡಿಮೆ ಬೆಲೆಗಾದರೂ, ಕೆಟ್ಟ ವರ್ಷದಲ್ಲೂ ಅಕ್ಕಿ ಅಳೆಯಲೇಬೇಕಿತ್ತು. ಪ್ರವಾಸಿಗೆ ಅಂಥ ಹೊಣೆಯಿಲ್ಲ; ಹವಳ ಬಿಳಿಚಿಕೊಂಡರೆ ಅವನು ಇನ್ನೊಂದು ದ್ವೀಪ ಹುಡುಕುತ್ತಾನೆ. ಮತ್ತು ಹವಳ ಬಿಳಿಚಿಕೊಳ್ಳುತ್ತಿದೆ. 1998, 2010, 2016ರಲ್ಲಿ ಕಡಲು ಕಾದು ದೊಡ್ಡ ಪ್ರಮಾಣದಲ್ಲಿ ಹವಳ ಸತ್ತಿತು. ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ ದೀರ್ಘಕಾಲ ನಡೆದ ಅಧ್ಯಯನ ಜೀವಂತ ಹವಳದ ಹರವು 1998ರಲ್ಲಿ ಶೇ. 37 ಇದ್ದದ್ದು 2022ಕ್ಕೆ ಶೇ. 19ಕ್ಕೆ ಇಳಿದಿದೆ ಎನ್ನುತ್ತದೆ. ದಡದಲ್ಲಿ ಸಿಪ್ಪೆ ಹೂತ ಶತಮಾನಗಳು ಮಾಡದ ಕೆಲಸವನ್ನು ಎಲ್ಲೋ ದೂರದಲ್ಲಿ ಸುಟ್ಟ ಕಲ್ಲಿದ್ದಲು, ಎಣ್ಣೆ ಕಾಲು ಶತಮಾನದಲ್ಲಿ ಮಾಡಿವೆ. ಅದರಲ್ಲಿ ರಜೆಗೆಂದು ಹಾರಿಬರುವ ವಿಮಾನದ ಹೊಗೆಯ ಪಾಲೂ ಇದೆ.

ಪ್ರವಾಸ ಪೂರ್ತಿ ನಿಂತರೆ ದ್ವೀಪ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಒಮ್ಮೆ ಸಿಕ್ಕಿಯೂ ಆಗಿದೆ. 2020ರಲ್ಲಿ ಕೋವಿಡ್ ಬಂದಾಗ ಲಕ್ಷದ್ವೀಪ ತನ್ನ ಬಾಗಿಲು ಬಿಗಿದುಕೊಂಡಿತು. ಪರವಾನಗಿಯ ಏರ್ಪಾಡು ಅಂದು ನಿಜಕ್ಕೂ ಜೀವ ಕಾಯಿತು. 2021ರ ಜನವರಿಯವರೆಗೆ ಅಲ್ಲಿ ಒಂದೇ ಒಂದು ಪ್ರಕರಣ ಇರಲಿಲ್ಲ. ಗಾಜಿನ ತಳದ ದೋಣಿಗಳು ದಡದಲ್ಲಿ ನಿಂತಿದ್ದವು. ಟ್ಯೂನಾ ದೋಣಿಗಳಿಗೆ ಮಾತ್ರ ಲಗೂನು ಮುಚ್ಚಿರಲಿಲ್ಲ. ಈ ಬೇಟೆಗೆ ಮೊದಲು ಬೇಕಾದದ್ದು ಜೀವಂತ ಎರೆಮೀನು. ನಸುಕಿನಲ್ಲಿ ಲಗೂನಿನ ಹವಳದ ಸಂದಿಗಳ ನಡುವೆ ಬಲೆಯಿಟ್ಟು ಬೆರಳುದ್ದದ ಮೀನುಗಳನ್ನು ಹಿಡಿದು, ದೋಣಿಯ ನೀರುತೊಟ್ಟಿಯಲ್ಲಿ ಸಾಯದಂತೆ ಒಯ್ದು, ಆಳಕಡಲಿನಲ್ಲಿ ಎರಚಿದಾಗಲೇ ಟ್ಯೂನಾ ಹಿಂಡು ಮೇಲೇಳುತ್ತದೆ. ಹವಳ ಕುಗ್ಗಿದರೆ ಎರೆ ಕುಗ್ಗುತ್ತದೆ, ಎರೆ ಕುಗ್ಗಿದರೆ ದೋಣಿ ಬರಿಗೈಯಲ್ಲಿ ತಿರುಗುತ್ತದೆ. ಪ್ರವಾಸದ ಯೋಜನೆಗಳಲ್ಲಿ ಲಗೂನಿಗೆ ಕಟ್ಟುವ ಬೆಲೆ ಪ್ರವಾಸಿಗಳ ಸಂಖ್ಯೆಯಲ್ಲಿ, ಕೊಠಡಿಗಳ ಸಂಖ್ಯೆಯಲ್ಲಿ. ಆ ಲೆಕ್ಕದಲ್ಲಿ ಎರೆಮೀನಿಗೆ ಅಂಕಣವಿಲ್ಲ, ಮಂಗಳೂರಿನ ಉಗ್ರಾಣದ ಪುಸ್ತಕದಲ್ಲಿ ಹುರಿಗಿದ್ದ ಅಂಕಣ ಹೊಸೆದವಳಿಗೆ ಇಲ್ಲದಿದ್ದ ಹಾಗೆಯೇ.